ಬೆಲ್ಲದ ಬಿಲ್‌ಗೆ ಪಾರ್ಶಿಯಲ್ ಯಾಕೆ ಬೇಕು?

ಪ್ರಶ್ನೆ: ಸರ್, ನಾನು ಮಹಾಲಿಂಗಪುರದವಳು. ಬೆಳಗಾವಿಯಲ್ಲಿ ಬಿಸಿಎ ಓದುತ್ತಿದ್ದೇನೆ. ನಮ್ಮ ಕಾಕಾನ ಬೆಲ್ಲದ ಹೋಲ್‌ಸೇಲ್ ಅಂಗಡಿಗೆ ಪೈಥಾನ್‌ನಲ್ಲಿ ಒಂದು ಬಿಲ್ ಪ್ರೋಗ್ರಾಂ ಬರೆದಿದ್ದೇನೆ. ಬಿಲ್ ಮಾಡುವ ಫಂಕ್ಷನ್‌ಗೆ ತೂಕ, ದರ, ಬಾಡಿಗೆ, ಹಮಾಲಿ ಅಂತ ನಾಲ್ಕು ಆರ್ಗ್ಯುಮೆಂಟ್ ಇವೆ. ಎಲ್ಲಿ ಕರೆದರೂ ನಾಲ್ಕನ್ನೂ ಮತ್ತೆ ಮತ್ತೆ ಬರೆಯಬೇಕು. ಸೀನಿಯರ್ ಅಕ್ಕ ಒಬ್ಬರು 'ಪಾರ್ಶಿಯಲ್ ಬಳಸು' ಅಂದರು. ಇನ್ನೊಬ್ಬರು ಅದಕ್ಕೇ ಕರಿಯಿಂಗ್ ಅಂತಾರೆ ಅಂದರು. ಎರಡೂ ಒಂದೇನಾ? ಸುಮ್ನೆ ಡಿಫಾಲ್ಟ್ ಬೆಲೆ ಕೊಟ್ಟರೆ ಸಾಲದಾ? ಪಾರ್ಶಿಯಲ್ ಹಾಕಿದರೆ ಪ್ರೋಗ್ರಾಂ ಫಾಸ್ಟ್ ಆಗುತ್ತಾ? ಇನ್ನೊಂದು ತೊಂದರೆ ಇದೆ. ಒಂದನೇ, ಎರಡನೇ, ಮೂರನೇ ನಂಬರ್ ಬೆಲ್ಲಕ್ಕೆ ಮೂರು ಬಟನ್‌ಗಳನ್ನು ಲೂಪ್ ಹಾಕಿ ಮಾಡಿದ್ದೇನೆ. ಪ್ರತಿ ಬಟನ್‌ಗೂ ಒಂದು ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಪುಟ್ಟ ಫಂಕ್ಷನ್, ಕೊಟ್ಟಿದ್ದೇನೆ. ಯಾವುದನ್ನು ಒತ್ತಿದರೂ ಮೂರನೇ ನಂಬರಿನ ದರವೇ ಬರುತ್ತಿದೆ!

ಉತ್ತರ: ನಿಮ್ಮ ನಾಲ್ಕು ಆರ್ಗ್ಯುಮೆಂಟ್‌ಗಳನ್ನು ಒಮ್ಮೆ ನೋಡಿ. ಹಮಾಲಿ ಬದಲಾದರೆ ವರ್ಷಕ್ಕೊಮ್ಮೆ. ಬಾಡಿಗೆ ಊರಿಗೊಂದು: ವಿಜಯಪುರಕ್ಕೆ ಒಂದು, ಇಳಕಲ್‌ಗೆ ಇನ್ನೊಂದು. ದರ ಬೆಳಿಗ್ಗೆ ಅಂಗಡಿ ತೆರೆದ ಮೇಲೆ ಕಾಕಾ ಹೇಳಬೇಕು. ತೂಕವಂತೂ ಗಿರಾಕಿ ಬಂದು ಮಾಲು ಕಾಟಾ ಮೇಲೆ ಇಡುವವರೆಗೆ ಯಾರಿಗೂ ಗೊತ್ತಿಲ್ಲ. ನಾಲ್ಕೂ ಒಂದೇ ಫಂಕ್ಷನ್‌ಗೆ ಹೋಗುತ್ತವೆ ನಿಜ. ಆದರೆ ನಾಲ್ಕು ಬೇರೆ ಬೇರೆ ಹೊತ್ತಿನಲ್ಲಿ ಕೈಗೆ ಸಿಗುತ್ತವೆ. ಪಾರ್ಶಿಯಲ್ ಅಪ್ಲಿಕೇಶನ್ ಇರುವುದೇ ಇದಕ್ಕೆ. ಈಗ ಗೊತ್ತಿರುವುದನ್ನು ಈಗಲೇ ಕೊಟ್ಟುಬಿಡಿ. ಉಳಿದದ್ದನ್ನು ಕೇಳುವ ಹೊಸ ಫಂಕ್ಷನ್ ಒಂದು ನಿಮಗೆ ಸಿಗುತ್ತದೆ.

ಬಹಳ ಜನ ಇದನ್ನು ಟೈಪ್ ಮಾಡುವ ಶ್ರಮ ಉಳಿಸುವ ಉಪಾಯ ಅಂದುಕೊಳ್ಳುತ್ತಾರೆ. ಅದು ಜೊತೆಗೆ ಬರುವ ಲಾಭ, ಅಷ್ಟೆ. ಯಾವ ಮಾಹಿತಿ ಯಾವಾಗ, ಯಾರಿಗೆ ಗೊತ್ತಾಗುತ್ತದೆ ಅನ್ನುವುದನ್ನು ಕೋಡ್‌ನಲ್ಲೇ ಕಾಣುವ ಹಾಗೆ ಮಾಡುವುದು ನನ್ನ ಪ್ರಕಾರ ದೊಡ್ಡ ಲಾಭ.

ನಿಮ್ಮ ಫಂಕ್ಷನ್ ಹೀಗಿದೆ ಅಂದುಕೊಳ್ಳೋಣ:

ಬಿಲ್(ತೂಕ, ದರ, ಬಾಡಿಗೆ, ಹಮಾಲಿ)

ಒಳಗಿನ ಲೆಕ್ಕ ಸರಳ. ದರ, ಬಾಡಿಗೆ, ಹಮಾಲಿ ಮೂರೂ ಕ್ವಿಂಟಲ್‌ಗೆ ಇಷ್ಟು ಅಂತ ಇವೆ. ಮೂರನ್ನೂ ಕೂಡಿಸಿ ತೂಕದಿಂದ ಗುಣಿಸಿದರೆ ಮುಗಿಯಿತು. ದರ 4000, ಬಾಡಿಗೆ 80, ಹಮಾಲಿ 20, ತೂಕ 5 ಕ್ವಿಂಟಲ್ ಅಂದರೆ 4100 ಗುಣಿಸು 5, ಒಟ್ಟು 20,500 ರೂಪಾಯಿ. ಅಂಕಿ ನಾನು ಹಾಕಿದ್ದು, ಪೇಟೆಯ ದರ ಅಂತ ತಿಳಿಯಬೇಡಿ.

ಪೈಥಾನ್‌ನಲ್ಲಿ ಫಂಕ್‌ಟೂಲ್ಸ್ ಅನ್ನುವ ಲೈಬ್ರರಿಯಲ್ಲಿ ಪಾರ್ಶಿಯಲ್ ಇದೆ. 2006ರಲ್ಲಿ ಬಂದ 2.5 ಆವೃತ್ತಿಯಿಂದಲೂ ಇದೆ. ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಬಳಸುವುದು ಹೀಗೆ:

ವಿಜಯಪುರ_ಬಿಲ್ = ಪಾರ್ಶಿಯಲ್(ಬಿಲ್, ದರ=4000, ಬಾಡಿಗೆ=80, ಹಮಾಲಿ=20)

ಆಮೇಲೆ ವಿಜಯಪುರ_ಬಿಲ್(5) ಅಂದರೆ 20,500. ವಿಜಯಪುರ_ಬಿಲ್(10) ಅಂದರೆ 41,000. ಅಂಗಡಿಯ ಹೆಸರು, ವಿಳಾಸ ಮೊದಲೇ ಛಾಪಿಸಿದ ಬಿಲ್ ಬುಕ್ ಇರುತ್ತದಲ್ಲ, ಹಾಗೆ. ಖಾಲಿ ಜಾಗ ತುಂಬಿದರೆ ಸಾಕು.

ಇಲ್ಲಿ ಕೋಡನ್ನೂ ಕನ್ನಡದಲ್ಲೇ ಬರೆದಿದ್ದೇನೆ. ತಮಾಷೆಗಲ್ಲ. ಪೈಥಾನ್ 3ರಲ್ಲಿ ವೇರಿಯಬಲ್ ಮತ್ತು ಫಂಕ್ಷನ್ ಹೆಸರುಗಳಿಗೆ ಕನ್ನಡ ಅಕ್ಷರ ನಡೆಯುತ್ತದೆ. ಕೀವರ್ಡ್‌ಗಳು, ಲೈಬ್ರರಿಯ ಹೆಸರುಗಳು ಮಾತ್ರ ಇಂಗ್ಲಿಷ್‌ನಲ್ಲೇ ಇರಬೇಕು. ಹಾಗಾಗಿ ಪಾರ್ಶಿಯಲ್, ಲ್ಯಾಂಬ್ಡಾ, ಕಮಾಂಡ್ ಮುಂತಾದವನ್ನು ನೀವು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ.

ಈಗ ಒಳಗೆ ಏನು ನಡೆಯುತ್ತದೆ ನೋಡೋಣ. ಪಾರ್ಶಿಯಲ್ ಸಾಲು ಓಡಿದಾಗ ಬಿಲ್ ಫಂಕ್ಷನ್ ಓಡುವುದೇ ಇಲ್ಲ. ಒಂದು ಸಣ್ಣ ಆಬ್ಜೆಕ್ಟ್ ಹುಟ್ಟುತ್ತದೆ, ಅಷ್ಟೆ. ಮೂಲ ಫಂಕ್ಷನ್ ಯಾವುದು, ಬರೀ ಸ್ಥಾನದಿಂದ ಕೊಟ್ಟ ಬೆಲೆಗಳು ಯಾವುವು, ಹೆಸರು ಹೇಳಿ ಕೊಟ್ಟವು ಯಾವುವು ಅಂತ ಮೂರು ಸಂಗತಿಗಳನ್ನು ಅದು ನೆನಪಿಟ್ಟುಕೊಳ್ಳುತ್ತದೆ. ನೀವು ತೂಕ ಕೊಟ್ಟು ಕರೆದಾಗ ಹಳೆಯದನ್ನೂ ಹೊಸದನ್ನೂ ಸೇರಿಸಿ ಬಿಲ್ ಅನ್ನು ಕರೆಯುತ್ತದೆ.

ಹಾಗಾಗಿ ವೇಗದ ಪ್ರಶ್ನೆಗೆ ಉತ್ತರ: ಆಗುವುದಿಲ್ಲ. 'ಮುಕ್ಕಾಲು ಕೊಟ್ಟಿದ್ದೇವೆ, ಮುಕ್ಕಾಲು ಲೆಕ್ಕ ಆಗಿಹೋಗಿರುತ್ತದೆ' ಅಂತ ಅನ್ನಿಸುವುದು ಸಹಜ. ಆದರೆ ಕೂಡಿಸುವುದು, ಗುಣಿಸುವುದು ಎಲ್ಲ ಪ್ರತಿ ಸಲವೂ ಮೊದಲಿನಿಂದಲೇ ನಡೆಯುತ್ತದೆ. ಗೊತ್ತಿರುವ ಭಾಗವನ್ನು ಮೊದಲೇ ಲೆಕ್ಕ ಮಾಡಿಬಿಡುವುದು ಬೇರೆಯೇ ವಿದ್ಯೆ. ಅದಕ್ಕೆ ಪಾರ್ಶಿಯಲ್ ಇವ್ಯಾಲ್ಯುಯೇಷನ್ ಅನ್ನುತ್ತಾರೆ. ಜಪಾನಿನ ಯೋಶಿಹಿಕೊ ಫುತಾಮುರ 1971ರಲ್ಲಿ ಅದರ ಬಗ್ಗೆ ಬರೆದ ಪ್ರಬಂಧ ಕಂಪೈಲರ್ ಓದುವವರಿಗೆಲ್ಲ ಗೊತ್ತು. ನಿಮಗೆ ಅಷ್ಟು ದೂರ ಹೋಗುವ ಅಗತ್ಯ ಇಲ್ಲ. ಮೊದಲೇ ಮಾಡಿಡಬಹುದಾದ ಲೆಕ್ಕ ಇದ್ದರೆ, ಫಂಕ್ಷನ್ ಒಳಗೆ ಇನ್ನೊಂದು ಫಂಕ್ಷನ್ ಬರೆದು ಅದನ್ನೇ ವಾಪಸ್ ಕೊಡಿ. ಹೊರಗಿನದು ದರ, ಬಾಡಿಗೆ, ಹಮಾಲಿ ಕೂಡಿಸಿ 4100 ಅಂತ ಒಮ್ಮೆ ಲೆಕ್ಕ ಮಾಡುತ್ತದೆ. ಒಳಗಿನದು ತೂಕದಿಂದ ಗುಣಿಸುತ್ತದೆ. ಎರಡು ಕೂಡಿಸುವ ಲೆಕ್ಕಕ್ಕೆ ಇದೆಲ್ಲ ಜಾಸ್ತಿಯಾಯಿತು. ಆದರೆ ದೊಡ್ಡ ಫೈಲ್ ಓದಿ ದರ ಹುಡುಕುವ ಕೆಲಸ ಇದ್ದರೆ ವ್ಯತ್ಯಾಸ ಗೊತ್ತಾಗುತ್ತದೆ.

ಆರ್ಗ್ಯುಮೆಂಟ್‌ಗಳ ಸಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ತೊಂದರೆ ಆಗುವುದು ಇಲ್ಲೇ.

ನೀವು ತೂಕವನ್ನು ಮೊದಲು ಇಟ್ಟಿದ್ದೀರಿ. ಕಾಗದದ ಬಿಲ್‌ನಲ್ಲಿ ಬರುವ ಕ್ರಮ ಅದು ಅನ್ನಿಸುತ್ತದೆ. ಮೇಲಿನ ಉದಾಹರಣೆ ಸರಿಯಾಗಿ ನಡೆದದ್ದು ನಾನು ಉಳಿದ ಮೂರನ್ನೂ ಹೆಸರು ಹೇಳಿ ಕೊಟ್ಟಿದ್ದರಿಂದ. ಹೆಸರು ಬಿಟ್ಟು ಪಾರ್ಶಿಯಲ್(ಬಿಲ್, 4000, 80, 20) ಅಂತ ಬರೆದಿದ್ದರೆ? ಬರೀ ಬೆಲೆ ಕೊಟ್ಟರೆ ಪಾರ್ಶಿಯಲ್ ಎಡಗಡೆಯಿಂದ ತುಂಬುತ್ತಾ ಹೋಗುತ್ತದೆ. ತೂಕ 4000 ಕ್ವಿಂಟಲ್, ದರ 80, ಬಾಡಿಗೆ 20 ಆಗುತ್ತದೆ. ಆಮೇಲೆ ನೀವು ಕೊಟ್ಟ 5 ಹಮಾಲಿ ಆಗುತ್ತದೆ. ಪೈಥಾನ್ ಒಂದು ಮಾತೂ ಆಡುವುದಿಲ್ಲ. 80, 20, 5 ಕೂಡಿಸಿ 4000ದಿಂದ ಗುಣಿಸಿ 4,20,000 ರೂಪಾಯಿ ಬಿಲ್ ಕೊಡುತ್ತದೆ. ಎರರ್ ಬಂದಿದ್ದರೆ ಚೆನ್ನಾಗಿತ್ತು ಅಲ್ವಾ?

ಇದಕ್ಕೆ ಎರಡು ದಾರಿ. ಬೇಗ ಗೊತ್ತಾಗುವುದನ್ನು ಎಡಕ್ಕೆ, ತಡವಾಗಿ ಗೊತ್ತಾಗುವುದನ್ನು ಬಲಕ್ಕೆ ಇಟ್ಟು ಫಂಕ್ಷನ್ ಅನ್ನೇ ಬದಲಾಯಿಸುವುದು ಒಂದು. ಆಗ ಬಿಲ್(ಹಮಾಲಿ, ಬಾಡಿಗೆ, ದರ, ತೂಕ) ಆಗುತ್ತದೆ. ಜನವರಿಯಲ್ಲಿ ಹಮಾಲಿ ತುಂಬಿ, ಊರು ನೋಡಿ ಬಾಡಿಗೆ ತುಂಬಿ, ಬೆಳಿಗ್ಗೆ ದರ ತುಂಬಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬಹುದು. ಪಾರ್ಶಿಯಲ್ ಮೇಲೆ ಪಾರ್ಶಿಯಲ್ ಹಾಕಿದರೆ ಪೈಥಾನ್ ಅದನ್ನು ಒಳಗೇ ಬಿಚ್ಚಿ ಒಂದೇ ಪಾರ್ಶಿಯಲ್ ಮಾಡುತ್ತದೆ. ಪದರದ ಮೇಲೆ ಪದರ ಬೆಳೆಯುವುದಿಲ್ಲ. ಇನ್ನೊಂದು ದಾರಿ, ನಿಮ್ಮ ಕ್ರಮವನ್ನು ಹಾಗೇ ಬಿಟ್ಟು ಬಲಗಡೆಯವನ್ನು ಹೆಸರು ಹೇಳಿ ಕಟ್ಟುವುದು.

ಎರಡನ್ನೂ ಬೆರೆಸಲು ಮಾತ್ರ ಹೋಗಬೇಡಿ. ಕ್ರಮ ಬದಲಾಯಿಸಿ ಹಮಾಲಿಯನ್ನು ಮೊದಲು ಇಟ್ಟಿದ್ದೀರಿ, ಆದರೂ ಪಾರ್ಶಿಯಲ್(ಬಿಲ್, ಹಮಾಲಿ=20, ಬಾಡಿಗೆ=80, ದರ=4000) ಅಂತ ಬರೆದಿರಿ ಅಂದುಕೊಳ್ಳಿ. ಆಮೇಲೆ 5 ಕೊಟ್ಟು ಕರೆದರೆ ಟೈಪ್‌ಎರರ್ ಬರುತ್ತದೆ. ಹಮಾಲಿಗೆ ಎರಡೆರಡು ಬೆಲೆ ಬಂದಿವೆ ಅಂತ ಅದು ದೂರುತ್ತದೆ. ಹೆಸರು ಹೇಳಿ ಕೊಟ್ಟ ಬೆಲೆ ಆ ಸ್ಥಾನವನ್ನು ಹಿಡಿದಿಡುವುದಿಲ್ಲ. ಹಾಗಾಗಿ 5 ನೇರ ಹೋಗಿ ಮೊದಲ ಸ್ಥಾನದಲ್ಲಿ, ಅಂದರೆ ಹಮಾಲಿಯ ಜಾಗದಲ್ಲಿ ಕೂರುತ್ತದೆ. ಅಲ್ಲಿ ಆಗಲೇ 20 ಇದೆ. ಹೀಗಿದ್ದಾಗ ತೂಕ=5 ಅಂತ ಹೆಸರು ಹೇಳಿಯೇ ಕರೆಯಬೇಕು.

ಸ್ಥಾನದಿಂದ ಕಟ್ಟುವುದಕ್ಕೂ ಹೆಸರು ಹೇಳಿ ಕಟ್ಟುವುದಕ್ಕೂ ಇನ್ನೊಂದು ವ್ಯತ್ಯಾಸ ಇದೆ. ಇದನ್ನು ಪಾಠದಲ್ಲಿ ಹೇಳುವವರು ಕಡಿಮೆ. ಹೆಸರು ಹೇಳಿ ಕಟ್ಟಿದ ಬೆಲೆಯನ್ನು ಕರೆಯುವಾಗ ಬದಲಾಯಿಸಬಹುದು. ವಿಜಯಪುರ_ಬಿಲ್(5, ದರ=3950) ಅಂದರೆ ಆ ಒಂದು ಬಿಲ್‌ಗೆ ಮಾತ್ರ ದರ 3950 ಆಗುತ್ತದೆ. ಹಳೆ ಗಿರಾಕಿ ಚೌಕಾಸಿ ಮಾಡಿದ, ಕಾಕಾ ಐವತ್ತು ಬಿಟ್ಟರು ಅನ್ನಿ. ಆಗ ಇದು ಬೇಕು. ಸ್ಥಾನದಿಂದ ಕಟ್ಟಿದ ಬೆಲೆಯನ್ನು ಹೀಗೆ ಬದಲಾಯಿಸಲು ಬರುವುದಿಲ್ಲ. ಯಾರೂ ಮುಟ್ಟಬಾರದು ಅನ್ನುವುದನ್ನು ಸ್ಥಾನದಿಂದ ಕಟ್ಟಿ, ಆಗಾಗ ಬದಲಾಗಬಹುದಾದ್ದನ್ನು ಹೆಸರಿನಿಂದ ಕಟ್ಟಿ. ನಡುವಿನ ಒಂದು ಸ್ಥಾನವನ್ನಷ್ಟೇ ಖಾಲಿ ಬಿಡಬೇಕು ಅಂದರೆ ಪೈಥಾನ್ 3.14ರಿಂದ ಪ್ಲೇಸ್‌ಹೋಲ್ಡರ್ ಅಂತ ಒಂದು ಸೌಕರ್ಯ ಬಂದಿದೆ. ನಿಮ್ಮ ಬಿಲ್‌ಗೆ ಅದರ ಅಗತ್ಯ ಕಾಣುವುದಿಲ್ಲ.

ಈಗ ಬಟನ್ ವಿಷಯ. ಬಟನ್ ಒತ್ತಿದಾಗ ಓಡಬೇಕಾದ ಫಂಕ್ಷನ್ ಅನ್ನು ಕಮಾಂಡ್ ಅನ್ನುವುದಕ್ಕೆ ಕೊಡುತ್ತೇವೆ. ನಿಮ್ಮ ಲೂಪ್ ಒಳಗೆ ಬಹುಶಃ ಹೀಗೆ ಬರೆದಿದ್ದೀರಿ:

ಕಮಾಂಡ್ = ಲ್ಯಾಂಬ್ಡಾ: ಬಿಲ್_ತೋರಿಸು(ನಂಬರ್)

ಇಲ್ಲಿ ಲ್ಯಾಂಬ್ಡಾ ನಂಬರ್ ಎಂಬ ವೇರಿಯಬಲ್‌ನ ಬೆಲೆಯನ್ನು ಹಿಡಿದಿಡುವುದಿಲ್ಲ. ಬಟನ್ ಒತ್ತಿದಾಗ 'ನಂಬರ್ ಈಗ ಎಷ್ಟಿದೆ' ಅಂತ ಹೋಗಿ ನೋಡುತ್ತದೆ. ಅಷ್ಟು ಹೊತ್ತಿಗೆ ಲೂಪ್ ಮುಗಿದು ಎಷ್ಟೋ ಹೊತ್ತಾಗಿದೆ. ನಂಬರ್ 3ರಲ್ಲಿ ನಿಂತಿದೆ. ಮೂರೂ ಲ್ಯಾಂಬ್ಡಾಗಳು ನೋಡುವುದು ಅದೇ ಒಂದು ವೇರಿಯಬಲ್ ಅನ್ನು. ಆದ್ದರಿಂದ ಮೂರಕ್ಕೂ ಮೂರೇ ಸಿಗುತ್ತದೆ. ಇದು ಪೈಥಾನ್‌ನ ಬಗ್ ಅಲ್ಲ. ಕ್ಲೋಷರ್, ಅಂದರೆ ಹೊರಗಿನ ವೇರಿಯಬಲ್ ಅನ್ನು ನೋಡುವ ಇಂಥ ಫಂಕ್ಷನ್, ಕೆಲಸ ಮಾಡುವುದೇ ಹಾಗೆ. ಹಳೆಯ ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್ ಮಾಡುವ 'ವಾರ್' ಎಂಬ ಪದ ಬಳಸಿ ಲೂಪ್ ಬರೆದವರಿಗೂ ಇದೇ ಕಾಟ ಇತ್ತು. 2015ರಲ್ಲಿ 'ಲೆಟ್' ಎಂಬ ಹೊಸ ಪದ ಬಂದ ಮೇಲೆ ಲೂಪ್‌ನ ಪ್ರತಿ ಸುತ್ತಿಗೂ ಬೇರೆ ವೇರಿಯಬಲ್ ಸಿಗತೊಡಗಿತು. ಅಲ್ಲಿಗೆ ಅವರ ಕಾಟ ತಪ್ಪಿತು. ಪೈಥಾನ್‌ನಲ್ಲಿ ಆ ಅನುಕೂಲ ಇಲ್ಲ.

ಪಾರ್ಶಿಯಲ್ ಇಲ್ಲಿ ಚೆನ್ನಾಗಿ ಒದಗುತ್ತದೆ:

ಕಮಾಂಡ್ = ಪಾರ್ಶಿಯಲ್(ಬಿಲ್_ತೋರಿಸು, ನಂಬರ್)

ಪಾರ್ಶಿಯಲ್ ಕೂಡ ಒಂದು ಸಾಮಾನ್ಯ ಕರೆಯೇ. ಅದಕ್ಕೆ ಕೊಟ್ಟ ಆರ್ಗ್ಯುಮೆಂಟ್‌ನ ಬೆಲೆ ಆ ಕ್ಷಣಕ್ಕೇ ಗೊತ್ತಾಗಬೇಕು. ಮೊದಲ ಸುತ್ತಿನಲ್ಲಿ 1 ಹಿಡಿದುಕೊಳ್ಳುತ್ತದೆ, ಎರಡನೆಯದರಲ್ಲಿ 2, ಮೂರನೆಯದರಲ್ಲಿ 3. ಆಮೇಲೆ ನಂಬರ್ ಏನಾದರೂ ಆಗಲಿ, ಅವಕ್ಕೆ ಸಂಬಂಧ ಇಲ್ಲ.

ಎರಡು ಸಣ್ಣ ಎಚ್ಚರಿಕೆ. ಕಮಾಂಡ್ = ಬಿಲ್_ತೋರಿಸು(ನಂಬರ್) ಅಂತ ನೇರ ಬರೆಯಬೇಡಿ. ಹಾಗೆ ಬರೆದರೆ ವಿಂಡೋ ತೆರೆಯುವಾಗಲೇ ಫಂಕ್ಷನ್ ಓಡಿಬಿಡುತ್ತದೆ, ಬಟನ್‌ಗೆ ಏನೂ ಉಳಿಯುವುದಿಲ್ಲ. ಮತ್ತೆ, ವಿಂಡೋ, ಬಟನ್ ಮಾಡುವ ಟಿಕಿಂಟರ್ ಎಂಬ ಲೈಬ್ರರಿ ಬಳಸುತ್ತಿದ್ದರೆ, ಬಟನ್ ಒತ್ತಿದಾಗ ಕಮಾಂಡ್ ಯಾವ ಆರ್ಗ್ಯುಮೆಂಟ್ ಕೂಡ ಕೊಡುವುದಿಲ್ಲ. ಆದರೆ ಎಂಟರ್ ಕೀ ಒತ್ತಿದಾಗ ಓಡಲಿ ಅಂತ ಬೈಂಡ್ ಬಳಸಿದರೆ ಅದು ಈವೆಂಟ್ ಅಂತ ಒಂದನ್ನು ತಾನೇ ಕೊನೆಗೆ ಸೇರಿಸಿ ಕಳಿಸುತ್ತದೆ. ನಿಮ್ಮ ಫಂಕ್ಷನ್ ಅದಕ್ಕೂ ಒಂದು ಜಾಗ ಇಟ್ಟಿರಬೇಕು.

ಡಿಫಾಲ್ಟ್ ಬೆಲೆ ಸಾಲದಾ ಅಂತ ಕೇಳಿದ್ದೀರಿ. ಹಮಾಲಿಗೆ ಸಾಕು. ಇಡೀ ಅಂಗಡಿಗೆ ಒಂದೇ ಹಮಾಲಿ ಇರುವಾಗ ಫಂಕ್ಷನ್ ಬರೆಯುವಾಗಲೇ ಹಮಾಲಿ=20 ಅಂತ ಇಟ್ಟುಬಿಡಿ, ಪಾರ್ಶಿಯಲ್ ಯಾಕೆ? ಬಾಡಿಗೆಗೆ ಮಾತ್ರ ಅದು ಸಾಲದು. ಡಿಫಾಲ್ಟ್ ಒಂದೇ ಇರಲು ಸಾಧ್ಯ. ಫಂಕ್ಷನ್ ಬರೆದವರೇ ಅದನ್ನು ನಿರ್ಧರಿಸಬೇಕು. ನಿಮಗೆ ವಿಜಯಪುರ_ಬಿಲ್, ಇಳಕಲ್_ಬಿಲ್, ಗೋಕಾಕ_ಬಿಲ್ ಅಂತ ಒಂದೇ ಫಂಕ್ಷನ್‌ನಿಂದ ಮೂರು ಬೇಕು. ಇನ್ನೊಬ್ಬರು ಬರೆದ ಲೈಬ್ರರಿಯ ಫಂಕ್ಷನ್ ಆದರೆ ಅದರೊಳಗೆ ಡಿಫಾಲ್ಟ್ ಹಾಕಲು ನಿಮಗೆ ಅಧಿಕಾರವೂ ಇಲ್ಲ. ಪೈಥಾನ್‌ನ ಇಂಟ್ ಫಂಕ್ಷನ್ ಅಕ್ಷರಗಳನ್ನು ಸಂಖ್ಯೆ ಮಾಡುತ್ತದೆ. ಅದರ ಬೇಸ್ ಡಿಫಾಲ್ಟ್ ಆಗಿ 10. ಅದನ್ನು ಪಾರ್ಶಿಯಲ್ ಮೂಲಕ 2ಕ್ಕೆ ಕಟ್ಟಿದರೆ ಬೈನರಿ ಓದುವ ಹೊಸ ಫಂಕ್ಷನ್ ಸಿಗುತ್ತದೆ. ಅದಕ್ಕೆ '10010' ಕೊಟ್ಟರೆ 18 ಬರುತ್ತದೆ. ಇಂಟ್ ತನ್ನ ಪಾಡಿಗೆ ತಾನು ಮೊದಲಿನಂತೆಯೇ ಇರುತ್ತದೆ.

ಕರಿಯಿಂಗ್ ಮತ್ತು ಪಾರ್ಶಿಯಲ್ ಒಂದೇ ಅಲ್ಲ, ಆದರೆ ಹತ್ತಿರದ ಸಂಬಂಧಿಗಳು. ಕರಿಯಿಂಗ್ ಯಾವ ಬೆಲೆಯನ್ನೂ ಕೊಡುವುದಿಲ್ಲ. ಅದು ಫಂಕ್ಷನ್‌ನ ಆಕಾರವನ್ನೇ ಬದಲಾಯಿಸುತ್ತದೆ. ನಾಲ್ಕು ಆರ್ಗ್ಯುಮೆಂಟ್‌ಗಳನ್ನು ಒಟ್ಟಿಗೆ ಕೇಳುತ್ತಿದ್ದದ್ದು ಒಂದೊಂದಾಗಿ ಕೇಳತೊಡಗುತ್ತದೆ: ಬಿಲ್(20)(80)(4000)(5). ಬಿಲ್(20) ಅಂದರೆ ಮುಂದೆ ಬಾಡಿಗೆ ಕೇಳುವ ಫಂಕ್ಷನ್. ಅದಕ್ಕೆ 80 ಕೊಟ್ಟರೆ ದರ ಕೇಳುವ ಫಂಕ್ಷನ್. ಪಾರ್ಶಿಯಲ್‌ನಲ್ಲಿ ಹೀಗೆ ಒಂದೊಂದೇ ಕೊಡಬೇಕು ಅಂತಿಲ್ಲ. ಎರಡನ್ನೋ ಮೂರನ್ನೋ ಒಮ್ಮೆಗೇ ಕೊಟ್ಟು, ಉಳಿದದ್ದನ್ನು ಒಂದೇ ಸಲ ಪಡೆಯಬಹುದು. ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿ ಫಂಕ್ಷನ್‌ಗಳೆಲ್ಲ ಮೊದಲಿನಿಂದಲೂ ಕರಿಯಿಂಗ್ ಆಕಾರದಲ್ಲೇ ಇರುತ್ತವೆ. ಅಲ್ಲಿ ಕಡಿಮೆ ಆರ್ಗ್ಯುಮೆಂಟ್ ಕೊಟ್ಟರೆ ಅದೇ ಪಾರ್ಶಿಯಲ್ ಆಯಿತು, ಬೇರೆ ಲೈಬ್ರರಿ ಬೇಡ. ಅದಕ್ಕೇ ಜನ ಎರಡನ್ನೂ ಕಲಸಿಬಿಡುತ್ತಾರೆ.

ಈ ಯೋಚನೆ ಕಂಪ್ಯೂಟರ್‌ಗಿಂತ ಹಳೆಯದು. ಮೋಸೆಸ್ ಶೋನ್‌ಫಿಂಕೆಲ್ ಎಂಬ ತರ್ಕಶಾಸ್ತ್ರಜ್ಞ 1920ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಇದನ್ನು ವಿವರಿಸಿದ. 1924ರಲ್ಲಿ ಅದು ಅಚ್ಚಾಯಿತು. ಅವನಿಗಿಂತ ಮುಂಚೆ ಜರ್ಮನಿಯ ತರ್ಕಶಾಸ್ತ್ರಜ್ಞ ಫ್ರೇಗೆ ಇದನ್ನು ಗಮನಿಸಿದ್ದ. ಆಮೇಲೆ ಅಮೆರಿಕದ ಹ್ಯಾಸ್ಕೆಲ್ ಕರಿ ಇದನ್ನು ತುಂಬಾ ಬೆಳೆಸಿದ. ಕರಿಯಿಂಗ್‌ಗೆ ಅವನ ಮನೆತನದ ಹೆಸರು ಬಂತು, 1990ರಲ್ಲಿ ಹೊರಬಂದ ಹ್ಯಾಸ್ಕೆಲ್ ಭಾಷೆಗೆ ಅವನದೇ ಹೆಸರು ಬಂತು. ಶೋನ್‌ಫಿಂಕೆಲ್‌ಗೆ ಏನೂ ಸಿಗಲಿಲ್ಲ, ಪಾಪ.

ಬೇರೆ ಭಾಷೆಗಳಿಗೆ ಹೋದರೆ: ಜಾವಾಸ್ಕ್ರಿಪ್ಟ್‌ನಲ್ಲಿ 2009ರ ಆವೃತ್ತಿಯಿಂದ ಪಾರ್ಶಿಯಲ್ ಕೆಲಸಕ್ಕೆ ಬೈಂಡ್ ಇದೆ. ಇದು ಟಿಕಿಂಟರ್‌ನ ಬೈಂಡ್ ಅಲ್ಲ, ಬರೀ ಹೆಸರು ಒಂದೇ. ಅದರ ಮೊದಲ ಆರ್ಗ್ಯುಮೆಂಟ್ ದಿಸ್ ಯಾವುದು, ಅಂದರೆ ಫಂಕ್ಷನ್ ಯಾವ ಆಬ್ಜೆಕ್ಟ್ ಮೇಲೆ ಓಡಬೇಕು, ಅನ್ನುವುದಕ್ಕೆ ಮೀಸಲು. ಬೇಡದಿದ್ದರೆ ಅಲ್ಲಿ ನಲ್ ಹಾಕಿ, ಎರಡನೆಯದರಿಂದ ನಿಮ್ಮ ಬೆಲೆ ಕೊಡಿ. ಸಿ ಪ್ಲಸ್ ಪ್ಲಸ್‌ನಲ್ಲಿ 2011ರಿಂದ ಬೈಂಡ್, 2020ರಿಂದ ಬೈಂಡ್ ಫ್ರಂಟ್ ಇವೆ.

ಹಾಗಾದರೆ ಲ್ಯಾಂಬ್ಡಾ ಬಿಟ್ಟು ಎಲ್ಲ ಕಡೆ ಪಾರ್ಶಿಯಲ್ ಹಾಕಬೇಕಾ? ಬೇಡ. ಒಂದು ಆರ್ಗ್ಯುಮೆಂಟ್ ಮೇಲೆ ಸಣ್ಣ ಲೆಕ್ಕ ಮಾಡಿ ಕಳಿಸಬೇಕಿದ್ದರೆ, ಉದಾಹರಣೆಗೆ ಕಿಲೋವನ್ನು 100ರಿಂದ ಭಾಗಿಸಿ ಕ್ವಿಂಟಲ್ ಮಾಡಿ ಕೊಡಬೇಕಿದ್ದರೆ, ಲ್ಯಾಂಬ್ಡಾವೇ ಓದಲು ಸುಲಭ. ಪಾರ್ಶಿಯಲ್‌ಗೆ ಬೆಲೆ ಕಟ್ಟುವುದಷ್ಟೇ ಗೊತ್ತು. ಆದರೆ ಪಾರ್ಶಿಯಲ್‌ಗೆ ಎರಡು ಅನುಕೂಲ ಇವೆ. ಅದನ್ನು ಪ್ರಿಂಟ್ ಮಾಡಿದರೆ ಮೂಲ ಫಂಕ್ಷನ್ ಯಾವುದು, ಏನೇನು ಕಟ್ಟಿದ್ದೀರಿ ಅಂತ ಕಾಣಿಸುತ್ತದೆ. ಲ್ಯಾಂಬ್ಡಾ ಪ್ರಿಂಟ್ ಮಾಡಿದರೆ ಬರೀ 'ಲ್ಯಾಂಬ್ಡಾ' ಅನ್ನುತ್ತದೆ. ಇನ್ನು ವರ್ಷದ ಎಲ್ಲ ಬಿಲ್‌ಗಳನ್ನು ಹಲವು ಪ್ರೊಸೆಸ್‌ಗಳಿಗೆ ಹಂಚಿ ಓಡಿಸಬೇಕಾದರೆ ಫಂಕ್ಷನ್ ಅನ್ನು ಪಿಕಲ್ ಮಾಡಿ, ಅಂದರೆ ಬೈಟುಗಳ ಸಾಲಾಗಿ ಕಟ್ಟಿ, ಕಳಿಸಬೇಕಾಗುತ್ತದೆ. ಪೈಥಾನ್‌ನ ಸಾಮಾನ್ಯ ಪಿಕಲ್‌ಗೆ ಲ್ಯಾಂಬ್ಡಾ ಒಗ್ಗುವುದಿಲ್ಲ. ಫೈಲ್‌ನ ಮೇಲ್ಮಟ್ಟದಲ್ಲಿ ಬರೆದ ಫಂಕ್ಷನ್‌ನಿಂದ ಮಾಡಿದ ಪಾರ್ಶಿಯಲ್ ಒಗ್ಗುತ್ತದೆ.

ಇನ್ನು ನಿಮ್ಮ ಅಂಗಡಿಗೆ ಬರೋಣ. ಪಾರ್ಶಿಯಲ್‌ನ ಗುಣವೇ ಬೆಲೆಯನ್ನು ಹಿಡಿದಿಡುವುದು. ಬೆಳಿಗ್ಗೆ 4000 ಅಂತ ಕಟ್ಟಿದಿರಿ. ಮಧ್ಯಾಹ್ನ ಕಾಕಾ 'ಐವತ್ತು ಏರಿತು' ಅಂದರು. ದರ ಎಂಬ ವೇರಿಯಬಲ್ ಅನ್ನು 4050 ಮಾಡಿದರೂ ವಿಜಯಪುರ_ಬಿಲ್ ಹಳೆಯ 4000ವನ್ನೇ ಹಿಡಿದು ಕೂತಿರುತ್ತದೆ. ಲೂಪ್‌ನಲ್ಲಿ ನಿಮ್ಮನ್ನು ಕಾಪಾಡಿದ ಗುಣವೇ ಇಲ್ಲಿ ನಷ್ಟ ಮಾಡುತ್ತದೆ. ಅದಕ್ಕೆ ದರವನ್ನು ಕಟ್ಟಬೇಡಿ. ಮೂರು ನಂಬರ್‌ಗಳ ದರ ಇಟ್ಟುಕೊಂಡ ಒಂದು ಡಿಕ್ಷನರಿ ಮಾಡಿ, ಬಿಲ್_ತೋರಿಸು ಮೊದಲು ಆ ಡಿಕ್ಷನರಿಯನ್ನು, ಆಮೇಲೆ ನಂಬರನ್ನು ತೆಗೆದುಕೊಳ್ಳುವ ಹಾಗೆ ಬದಲಾಯಿಸಿ:

ಕಮಾಂಡ್ = ಪಾರ್ಶಿಯಲ್(ಬಿಲ್_ತೋರಿಸು, ದರಪಟ್ಟಿ, ನಂಬರ್)

ಪಾರ್ಶಿಯಲ್ ಡಿಕ್ಷನರಿಯ ನಕಲು ಮಾಡುವುದಿಲ್ಲ, ಅದೇ ಡಿಕ್ಷನರಿಯನ್ನು ಹಿಡಿದಿರುತ್ತದೆ. ದರಪಟ್ಟಿ[1] = 4050 ಅಂತ ಒಳಗಿನ ಬೆಲೆ ಬದಲಾಯಿಸಿದರೆ ಒಂದನೇ ಬಟನ್‌ಗೆ ಮುಂದಿನ ಸಲದಿಂದಲೇ ಹೊಸ ದರ ಕಾಣುತ್ತದೆ. ದರಪಟ್ಟಿ ಎಂಬ ಹೆಸರಿಗೆ ಇಡೀ ಹೊಸ ಡಿಕ್ಷನರಿ ಕೊಟ್ಟರೆ ಮಾತ್ರ ಕಾಣುವುದಿಲ್ಲ. ಆಗ ಬಟನ್‌ಗಳು ಹಳೆಯದನ್ನೇ ನೋಡುತ್ತಿರುತ್ತವೆ. ಬೆಳಿಗ್ಗೆ ಫೈಲ್‌ನಿಂದ ದರ ಓದಿಸುವಾಗಲೂ ಹೊಸ ಡಿಕ್ಷನರಿ ಮಾಡದೆ, ಇರುವುದರ ಮೇಲೆ ಅಪ್‌ಡೇಟ್ ಕರೆಯಿರಿ. ಹಳೆಯ ಬಿಲ್ ಅನ್ನು ಮತ್ತೆ ಪ್ರಿಂಟ್ ಮಾಡಬೇಕಾದರೆ ಆ ದಿನ ಹಾಕಿದ ದರ ಬೇಕಾಗುತ್ತದೆ. ಅದನ್ನು ಪಾರ್ಶಿಯಲ್‌ನಲ್ಲಿ ಹುಡುಕಬೇಡಿ, ಬಿಲ್ ಉಳಿಸುವಾಗಲೇ ಜೊತೆಗೆ ಡೇಟಾಬೇಸ್‌ನಲ್ಲಿ ಬರೆದಿಡಿ.